ಬರದ ಸೀಮೆಯವರು ಜಲಪಾತ ನೋಡಲು ಹೋದಾಗ

ಮಂಗಳವೇಢೆ, ಸೊಲ್ಲಾಪುರ, ಅಕ್ಕಲಕೋಟೆ ಈ ಭಾಗದಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ನೀರೆಂದರೆ ಬಹಳ ದೊಡ್ಡ ವಸ್ತು. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಐದಾರು ನೂರು ಮಿಲಿಮೀಟರ. ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈ ಕೊಡುತ್ತದೆ. ಹಿಂಗಾರಿಯ ಹಸಿಯನ್ನು ನಮ್ಮ ಎರಿ ಭೂಮಿ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಜೋಳ ಬೆಳೆಸುತ್ತದೆ. ಆ ಮಂಗಳವೇಢೆ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಆ ಜೋಳದ ಒಂದೊಂದು ತೆನೆಯ ಹಿಂದೆಯೂ ಆಕಾಶದ ಕಡೆ ನೋಡುತ್ತ ಕುಳಿತ ರೈತನ ಕಣ್ಣಿದೆ.

ಬರಗಾಲದಲ್ಲಿ ಬೀದರದ ಸುಲ್ತಾನರ ಕಣಜ ತೆರೆದು ಹಸಿದವರಿಗೆ ಹಂಚಿದ ದಾಮಾಜಿಪಂತರ ಕಥೆ ನಮ್ಮ ಊರಿನ ಮಕ್ಕಳಿಗೆಲ್ಲ ಗೊತ್ತು. 1972ರ ಬರ ನಾವು ಕಣ್ಣಾರೆ ಕಂಡದ್ದು. ಆಗ ನಾವು ಶಾಲೆಗೆ ಹೋಗುವ ಹುಡುಗರು. ರಸ್ತೆಯ ಕಾಮಗಾರಿಯ ಮೇಲೆ ದೊಡ್ಡ ದೊಡ್ಡ ಹೊಲದ ಒಡೆಯರೂ ಖಡಿ ಒಡೆಯುತ್ತಿದ್ದರು, ಮಕ್ಕಳಿಗೆ ಸುಕಡಿ ಹಂಚುತ್ತಿದ್ದರು. ಒಂದು ಕೊಡ ನೀರಿಗಾಗಿ ತಾಯಂದಿರು ಬಾವಿಯ ತಳಕ್ಕೆ ಇಳಿಯುತ್ತಿದ್ದರು. ಇಂಥ ಸೀಮೆಯ ಜನ ತುಂಬಿ ಹರಿಯುವ ನೀರನ್ನು ಕಂಡರೆ ಮೈಮರೆಯುವುದು ಸಹಜ.

ಈಗ ಮನೆಮನೆಗೆ ಗಾಡಿ ಬಂದಿದೆ, ಕೈಕೈಗೆ ಮೊಬೈಲು ಬಂದಿದೆ. ಮಳೆಗಾಲ ಹಿಡಿಯಿತೆಂದರೆ ಹುಡುಗರು ಜಲಪಾತಗಳ ಚಿತ್ರ ನೋಡಿ ಹೊರಟೇಬಿಡುತ್ತಾರೆ. ಹೋಗಬೇಡಿರೆಂದು ನಾವು ಹೇಳುವುದಿಲ್ಲ. ನಾವೂ ಹೋಗಿ ಬಂದೆವು, ಕಣ್ತುಂಬ ನೋಡಿ ಸಂತೋಷಪಟ್ಟೆವು. ಆದರೆ ಒಂದು ಮಾತು ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. ನಮ್ಮ ಸೀಮೆಯವರಿಗೆ ನೀರಿನ ಹಸಿವು ಗೊತ್ತು, ನೀರಿನ ಸಿಟ್ಟು ಗೊತ್ತಿಲ್ಲ. ಅದನ್ನು ಓದುಗ ಬಂಧುಗಳಿಗೆ ತಿಳಿಸಬೇಕೆಂದೇ ಈ ಪ್ರವಾಸದ ಹಕೀಕತ್ತು ಬರೆಯುತ್ತಿದ್ದೇವೆ.

ಎಲ್ಲಿಗೆ ಹೋಗಬೇಕು?

ಗೋಕಾಕ ಜಲಪಾತದ ಹೆಸರು ಕೇಳದವರಿಲ್ಲ. ಅಲ್ಲಿಗೆ ಬಸ್ಸು ಹೋಗುತ್ತದೆ, ರಸ್ತೆಯ ಬದಿಯಲ್ಲಿಯೇ ನಿಂತು ನೋಡಬಹುದು. ಆದರೆ ಅದೇ ಗೋಕಾಕದಿಂದ ಸುಮಾರು 15 ಕಿ.ಮೀ. ದೂರದಲ್ಲಿ ಗೊಡಚಿನಮಲ್ಕಿ ಎಂಬ ಸಣ್ಣ ಊರಿದೆ. ಅಲ್ಲಿ ಮಾರ್ಕಂಡೇಯ ನದಿ ಕಾಡಿನ ನಡುವೆ ಎರಡು ಹಂತದಲ್ಲಿ ಧುಮುಕುತ್ತದೆ. ಊರಿನಿಂದ ಎರಡೂವರೆ ಕಿ.ಮೀ.ನಷ್ಟು ಒಳಗೆ ಹೋಗಬೇಕು. ಆದ್ದರಿಂದ ಅಲ್ಲಿ ಗೋಕಾಕದಷ್ಟು ಜನಜಂಗುಳಿ ಇಲ್ಲ. ನಮ್ಮ ಅಳಿಯಂದಿರು ಈ ಸ್ಥಳವನ್ನು ಸೂಚಿಸಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಗೊಡಚಿನಮಲ್ಕಿ ಬೇರೆ, ವೀರಭದ್ರನ ಜಾತ್ರೆಗೆ ಹೆಸರಾದ ಗೊಡಚಿ ಬೇರೆ. ಆ ಗೊಡಚಿ ಇರುವುದು ರಾಮದುರ್ಗ ತಾಲೂಕಿನಲ್ಲಿ. ದಾರಿ ಕೇಳುವಾಗ ಬರೀ ಗೊಡಚಿ ಎಂದು ಕೇಳಿದರೆ ದಿಕ್ಕೇ ತಪ್ಪಬಹುದು.

ನಾವು ದಂಪತಿಗಳು, ಮಗ, ಸೊಸೆ, ಅಕ್ಕಲಕೋಟೆಯಿಂದ ಬಂದ ಮಗಳು, ಅಳಿಯ, ನಾಲ್ಕು ಜನ ಮೊಮ್ಮಕ್ಕಳು, ಗಾಡಿಯ ಡ್ರೈವರ ಸೇರಿ ಹನ್ನೊಂದು ಜನ. ಬಾಡಿಗೆಗೆ ಒಂದು ಕ್ರೂಸರ ಗಾಡಿ ಹೇಳಿದೆವು. ಮನೆಯಲ್ಲಿ ಹಿರಿಯ ಅಕ್ಕನವರು, "ಮುನಿಗಳೇ ಒಂದ ಜಾಗಾದಾಗ ಕೂಡೂ ಚಾತುರ್ಮಾಸದ ಹೊತ್ತಿನ್ಯಾಗ ನಿಮ್ಮದೇನ ತಿರುಗಾಟಪಾ?" ಎಂದರು. ಮಾತು ಸುಳ್ಳಲ್ಲ. ಮಳೆಗಾಲದಲ್ಲಿ ನೆಲದ ತುಂಬ ಹುಲ್ಲು, ಹುಳು, ಹುಪ್ಪಡಿ. ಕಾಲು ನೋಡಿ ಇಡುತ್ತೇವೆಂದು ಅಕ್ಕನವರಿಗೆ ಮಾತು ಕೊಟ್ಟು ಹೊರಟೆವು. ಆ ಮಾತು ಮುಂದೆ ಕಾಡಿನ ದಾರಿಯಲ್ಲಿ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಆಮೇಲೆ ಹೇಳುತ್ತೇವೆ.

ಹೊರಡುವ ಸಿದ್ಧತೆ

ನಮ್ಮ ಮನೆಗಳಲ್ಲಿ ಸೂರ್ಯಾಸ್ತದ ಮೊದಲು ಊಟವಾಗಬೇಕು. ಈ ಒಂದು ನಿಯಮದಿಂದ ಇಡೀ ದಿನದ ವೇಳಾಪಟ್ಟಿ ತಾನಾಗಿಯೇ ತಯಾರಾಯಿತು. ನಸುಕಿನ ನಾಲ್ಕು ಗಂಟೆಗೆ ಹೊರಡುವುದು, ಹತ್ತರೊಳಗೆ ಜಲಪಾತ ಮುಟ್ಟುವುದು, ಮಧ್ಯಾಹ್ನ ಎರಡಕ್ಕೆ ಕಾಡು ಬಿಡುವುದು, ಬೆಳಕಿರುವಾಗಲೇ ದಾರಿಯಲ್ಲಿ ಊಟ ಮುಗಿಸುವುದು. ಮಳೆಗಾಲದ ಕಾಡಿನಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ. ಹೊತ್ತಿಗೆ ಮೊದಲೇ ಹೊರಬೀಳುವುದು ಎಲ್ಲರಿಗೂ ಒಳ್ಳೆಯದು.

ಬುತ್ತಿ ಕಟ್ಟುವ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಸಜ್ಜಿ ರೊಟ್ಟಿ, ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಝುಣಕ, ಮಕ್ಕಳಿಗೆ ದಶಮಿ ಮತ್ತು ಚುರುಮುರಿ. ಗಾಳಿಸಿ ಕಾಯಿಸಿದ ನೀರಿನ ಎರಡು ದೊಡ್ಡ ಕ್ಯಾನು. ಒಬ್ಬೊಬ್ಬರಿಗೆ ಒಂದು ಜೊತೆ ಒಣ ಬಟ್ಟೆ, ಹಿಡಿಯಲು ಒಂದು ಕೋಲು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಔಷಧಿ ಪೆಟ್ಟಿಗೆ.

ಇನ್ನೊಂದು ಸಿದ್ಧತೆಯನ್ನು ಬಹಳ ಜನ ಮಾಡುವುದಿಲ್ಲ. ಪತ್ರಿಕೆಯಲ್ಲಿ ಮಳೆಗಾಲದಲ್ಲಿ ದಿನವೂ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವಿನ ಅಂಕಿ ಬರುತ್ತದೆ. ನಾವು ವ್ಯಾಪಾರಿಗಳು ಜೋಳ, ತೊಗರಿಯ ಧಾರಣೆ ನೋಡಿ ಪತ್ರಿಕೆ ಮಡಚುತ್ತೇವೆ. ಅದರ ಪಕ್ಕದಲ್ಲಿಯೇ ಇರುವ ಈ ಅಂಕಿಯ ಮೇಲೂ ಕಣ್ಣು ಹಾಯಿಸಬೇಕು. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ ನೀರು. ಹತ್ತು ಸಾವಿರ ಕ್ಯೂಸೆಕ್ ನೀರು ಬಿಟ್ಟಿದ್ದಾರೆಂದು ಓದಿದರೆ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರ ಆಯಿತು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ಬೇಸಿಗೆಯಲ್ಲಿ ನಮ್ಮ ಹಳ್ಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರಗಳು 28. ಒಂದೊಂದು ಸೆಕೆಂಡಿಗೆ 28 ಟ್ಯಾಂಕರ ನೀರು ಎದುರಿಗೆ ಬಂದರೆ ಯಾವ ಮನುಷ್ಯ ನಿಂತಾನು?

ಬರದಿಂದ ಮಳೆಗೆ ಹೋಗುವ ರಸ್ತೆ

ಮಂಗಳವೇಢೆಯಿಂದ ಜತ್ತಕ್ಕೆ ಬರುವಾಗ ಇನ್ನೂ ಕತ್ತಲೆ. ಜತ್ತದಲ್ಲಿ ಬೆಳಕು ಹರಿಯಿತು. ಇಲ್ಲಿಂದ ಅಥಣಿ, ಗೋಕಾಕ ದಾಟಿ ಬೆಳಗಾವಿ ಕಡೆ ಹೋಗುವ ರಸ್ತೆಗೆ ಜತ್ತ-ಜಾಂಬೋಟಿ ರಾಜ್ಯ ಹೆದ್ದಾರಿ ಎಂದು ಹೆಸರು. ಈ ಹೆಸರಿನಲ್ಲಿಯೇ ನಮ್ಮ ಇಡೀ ಪ್ರವಾಸ ಅಡಗಿದೆ. ಒಂದು ತುದಿಯಲ್ಲಿ ಟ್ಯಾಂಕರಿನ ದಾರಿ ಕಾಯುವ ಜತ್ತ, ಇನ್ನೊಂದು ತುದಿಯಲ್ಲಿ ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಜಾಂಬೋಟಿ.

ಅರಬಿ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಗೆ ತಾಗಿ ಮೇಲೇರಿ ಅಲ್ಲಿಯೇ ತಮ್ಮ ಭಾರ ಇಳಿಸಿಬಿಡುತ್ತವೆ. ಘಟ್ಟದ ತಲೆಯ ಮೇಲಿರುವ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ ಮಳೆ. ಅಲ್ಲಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ ಹೋಗಿ, ನಮ್ಮ ಊರಿಗೆ ಬರುವ ಹೊತ್ತಿಗೆ ಮೋಡದ ಕೈ ಬರಿದಾಗಿರುತ್ತದೆ. ಅಂಗಡಿಯಲ್ಲಿ ಹೊಸ ಮಾಲು ಬಂದಾಗ ಮುಂದಿನ ಸಾಲಿನ ಗಿರಾಕಿಗಳೇ ಎಲ್ಲ ಕೊಂಡುಬಿಟ್ಟು, ಹಿಂದೆ ನಿಂತವನಿಗೆ ಚೀಲ ಝಾಡಿಸಿ ಕೊಟ್ಟ ಹಾಗೆ.

ಗಾಡಿಯ ಕಿಡಕಿಯಿಂದ ಈ ಬದಲಾವಣೆ ಮಕ್ಕಳಿಗೂ ಕಂಡಿತು. ಜತ್ತದ ಸುತ್ತ ಬಾಡಿದ ಸಜ್ಜಿ, ಕಲ್ಲು ನೆಲ, ಅಲ್ಲಲ್ಲಿ ಡಾಳಿಂಬೆ ತೋಟಕ್ಕೆ ಕಟ್ಟಿಕೊಂಡ ಪ್ಲಾಸ್ಟಿಕ್ ಹಾಸಿದ ಹೊಂಡ. ಗಡಿ ದಾಟಿ ಅಥಣಿಗೆ ಬಂದು, ಮುಂದೆ ಕೃಷ್ಣೆಯ ಸೇತುವೆಯ ಮೇಲೆ ಹೋದಾಗ ಎಡಕ್ಕೂ ಬಲಕ್ಕೂ ದಂಡೆ ತುಂಬಿದ ಕೆಂಪು ನೀರು. ಅಲ್ಲಿಂದ ಹಾರೂಗೇರಿಯವರೆಗೆ, ಅದರಾಚೆಗೂ ಆಳೆತ್ತರದ ಕಬ್ಬು. ಗೋಕಾಕದ ಹತ್ತಿರ ಬರುತ್ತಲೇ ಗುಡ್ಡ ಶುರು, ಗಾಳಿಯಲ್ಲಿ ತಂಪು. ಸುಮಾರು ಇನ್ನೂರು ಕಿ.ಮೀ. ದಾರಿಯಲ್ಲಿ ಮೂರು ದೇಶ ನೋಡಿದಂತಾಯಿತು.

ಗೋಕಾಕದ ಹೊರಗೆ ಘಟಪ್ರಭಾ ನದಿಗೆ ಲೋಳಸೂರ ಸೇತುವೆ ಇದೆ. ಇದು ತಗ್ಗಿನ ಸೇತುವೆ. 2024ರ ಜುಲೈ ಕೊನೆಯಲ್ಲಿ ಇದು ಮುಳುಗಿ ಈ ಹೆದ್ದಾರಿಯೇ ಬಂದಾಗಿತ್ತು. 2019ರ ಆಗಸ್ಟಿನ ಮಹಾಪೂರದಲ್ಲಂತೂ ಗೋಕಾಕದ ಪೇಟೆಯೊಳಗೇ ನೀರು ಹೊಕ್ಕು ವ್ಯಾಪಾರಸ್ಥರ ಮಾಲೆಲ್ಲ ಹಾಳಾಯಿತು. ನಾವು ದಾಟುವಾಗ ನೀರು ಸೇತುವೆಗಿಂತ ಬಹಳ ಕೆಳಗಿತ್ತು. ಆದರೂ ಡ್ರೈವರ ಒಂದು ನಿಮಿಷ ಗಾಡಿ ನಿಲ್ಲಿಸಿ ನೀರು ನೋಡಿಯೇ ಮುಂದೆ ಹೋದ. ಅನುಭವಸ್ಥ ಡ್ರೈವರನಿಗೆ ಕೊಡುವ ಹೆಚ್ಚಿನ ಬಾಡಿಗೆ ಎಂದೂ ನಷ್ಟವಲ್ಲ.

ಕಾಡಿನ ಕಾಲುದಾರಿ

ಗೊಡಚಿನಮಲ್ಕಿ ಊರಿನಿಂದ ಜಲಪಾತದ ಕಡೆ ಗಾಡಿಗಳೂ ಹೋಗುತ್ತವೆ. ಆದರೆ ಮಳೆಯಿಂದ ದಾರಿ ಕೆಸರಾಗಿತ್ತು. ಗಾಡಿಯನ್ನು ಊರಲ್ಲಿಯೇ ಬಿಟ್ಟು ನಡೆಯುತ್ತ ಹೊರಟೆವು.

ನಮ್ಮ ಕಡೆ ಎಲ್ಲಿ ಅಗೆದರೂ ಕರಿಕಲ್ಲು. ಇಲ್ಲಿಯ ಬಂಡೆ ಬೇರೆ ಜಾತಿಯದು, ಪದರು ಪದರಾಗಿ ಹಾಸಿದ ಗಟ್ಟಿ ಮರಳುಗಲ್ಲು. ಗೋಕಾಕ ಜಲಪಾತವೂ ಇಂಥದೇ ಕಲ್ಲಿನ ಮೇಲಿಂದ ಬೀಳುತ್ತದೆ. ಒಣಗಿದಾಗ ಈ ಕಲ್ಲಿನ ಮೇಲೆ ಕಾಲು ಚೆನ್ನಾಗಿ ನಿಲ್ಲುತ್ತದೆ. ಆದರೆ ಮಳೆಗಾಲದಲ್ಲಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಹಬ್ಬಿರುತ್ತದೆ. ಎಣ್ಣೆ ಸವರಿದ ಪಾಟಿಯಂತೆ ಜಾರುತ್ತದೆ. ಹುಡುಗರು ಹಾಕಿಕೊಂಡ ದುಬಾರಿ ಬೂಟುಗಳೂ ಅದರ ಮುಂದೆ ಸೋತವು.

ಅಕ್ಕನವರಿಗೆ ಕೊಟ್ಟ ಮಾತು ಇಲ್ಲಿ ಕೆಲಸಕ್ಕೆ ಬಂತು. ಮುನಿಗಳು ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆ ಇಡುತ್ತಾರೆ, ಅದಕ್ಕೆ ಈರ್ಯಾ ಸಮಿತಿ ಎನ್ನುತ್ತಾರೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಜೀವಗಳು ಕಾಲಡಿಗೆ ಸಿಗದಿರಲಿ ಎಂಬುದು ಅದರ ಉದ್ದೇಶ. ಹಾಗೆ ನಡೆದರೆ ನಮ್ಮ ಜೀವಕ್ಕೂ ಕಾವಲು. ಮಕ್ಕಳಿಗೆ ಇದನ್ನೇ ಆಟ ಮಾಡಿ ಕೊಟ್ಟೆವು. ಯಾರ ಕಾಲಡಿಗೂ ಹುಳು ಸಿಗಬಾರದು, ಯಾರೂ ಜಾರಬಾರದು. ಸಹಸ್ರಪದಿಗಳು, ಶಂಖದ ಹುಳುಗಳು, ಕೆಂಪು ಮಖಮಲ್ಲಿನಂಥ ಮಳೆಹುಳುಗಳು ಎಷ್ಟೋ ಕಂಡವು. ಮೊಬೈಲಿನಲ್ಲಿ ಮುಳುಗಿರುವ ಮಕ್ಕಳು ಒಂದು ತಾಸು ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬರೂ ಬೀಳಲಿಲ್ಲ.

ಅರ್ಧ ದಾರಿಗೆ ಬಂದಾಗ ಸಪ್ಪಳ ಕೇಳಿಸಿತು. ಮೊದಲು ದೂರದಲ್ಲಿ ಹಿಟ್ಟಿನ ಗಿರಣಿ ನಡೆದಂತೆ, ಹತ್ತಿರ ಹೋದಂತೆ ರೈಲು ಬಂದಂತೆ. ಗಿಡಗಳ ಸಂದಿಯಿಂದ ಹೊರಗೆ ಬಂದೆವು, ಎದುರಿಗೇ ಮಾರ್ಕಂಡೇಯ.

ಎರಡು ಹಂತದ ಧುಮುಕು

ನದಿ ಅಗಲವಾಗಿ ಬಂದು ಮೊದಲ ಹಂತದಲ್ಲಿ ಸುಮಾರು 25 ಮೀಟರ ಕೆಳಗೆ ಬೀಳುತ್ತದೆ. ಕಲ್ಲಿನ ಕಣಿವೆಯಲ್ಲಿ ಸ್ವಲ್ಪ ದೂರ ಹರಿದು ಎರಡನೆಯ ಹಂತದಲ್ಲಿ ಮತ್ತೆ ಸುಮಾರು 18 ಮೀಟರ ಬೀಳುತ್ತದೆ. ಸುತ್ತಲೂ ಹಸಿರು ಗುಡ್ಡ, ನಡುವೆ ಈ ನೊರೆಯ ಗೋಡೆ. ತುಂತುರು ಹನಿ ನಾವು ನಿಂತ ಎತ್ತರಕ್ಕೂ ಬಂದು ಮುಖ ತೋಯಿಸುತ್ತಿತ್ತು. ನಮ್ಮ ಮನೆಯವರು ಮಾತಿಲ್ಲದೆ ನಿಂತುಬಿಟ್ಟರು. ಮದುವೆಯಾಗಿ ಬಂದ ಹೊಸತರಲ್ಲಿ ಎರಡು ಹರದಾರಿ ನಡೆದು ನೀರು ಹೊತ್ತ ಕಾಲವನ್ನು ಆಮೇಲೆ ಸೊಸೆಗೆ ಹೇಳಿದರಂತೆ.

ನಾವು ಹೋದ ಹೊತ್ತಿಗೆ ಆಕಾಶ ಬಿಚ್ಚಿಕೊಂಡಿತ್ತು. ಮಳೆ ಇರಲಿಲ್ಲ, ತೆಳುವಾದ ಬಿಸಿಲೂ ಬಿದ್ದಿತ್ತು. ಕೆಳಗೆ ನೀರಿನ ಅಂಚಿನಲ್ಲಿ ಒಂದು ಚಪ್ಪಟೆ ಬಂಡೆ, ಎಂಟು ಹತ್ತು ಜನ ಆರಾಮವಾಗಿ ಕೂಡುವಷ್ಟು ದೊಡ್ಡದು. ಇಬ್ಬರು ತರುಣರು ಅದರ ಮೇಲೆ ನಿಂತು ಒಬ್ಬರೊಬ್ಬರ ಚಿತ್ರ ತೆಗೆಯುತ್ತಿದ್ದರು. ಅವರನ್ನು ಕಂಡು ನಮ್ಮ ಹುಡುಗರ ಕಾಲೂ ತಡೆಯಲಿಲ್ಲ.

ಆಗ ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರು ಕೋಲೂರಿಕೊಂಡು ಇಳಿದು ಬಂದರು.

"ಯಜಮಾನ್ರ, ಹುಡುಗ್ರನ್ನ ಕೆಳಗ ಬಿಡಬ್ಯಾಡ್ರಿ. ಮ್ಯಾಲ ಬೆಳಗಾವಿ ಕಡೆ ರಾತ್ರಿ ಜೋರ ಆಗೇತಿ. ನೀರ ಇನ್ನೂ ಬರೂದೈತಿ."

"ಅದು ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದು ನಾವು ಕೇಳಿದೆವು.

"ನೀರಿನ ಬಣ್ಣ ನೋಡ್ರಲಾ. ಮುಂಜಾನಿ ಚಹಾದಂಗ ಇತ್ತು, ಈಗ ಕೆಮ್ಮಣ್ಣ ಕಲಸಿದಂಗ ಆಗೇತಿ. ಕಸಾ ಕಡ್ಡಿ ಬರಾಕ ಹತ್ಯಾವು."

ಅವರು ಕೈ ಬಾಯಿಗೆ ಇಟ್ಟು ಕೂಗು ಹಾಕಿದರು. ಬಂಡೆಯ ಮೇಲಿದ್ದ ತರುಣರು ಮನಸ್ಸಿಲ್ಲದ ಮನಸ್ಸಿನಿಂದ ಮೇಲೆ ಬಂದರು. ನಮ್ಮ ದೊಡ್ಡ ಮೊಮ್ಮಗ ಕಾಲೇಜಿನ ಮೊದಲ ವರ್ಷದಲ್ಲಿದ್ದಾನೆ. ಅವನಿಗೆ ಸಿಟ್ಟು ಬಂತು. "ಅಜ್ಜಾ, ಮಳೀನೇ ಇಲ್ಲಲ್ರಿ. ಬಿಸಲ ಬಿದ್ದೈತಿ. ಐದ ಮಿನೀಟ ಇಳದು ಬಂದಬಿಡ್ತೀವ್ರಿ. ಇಷ್ಟ ದೂರ ಬಂದು ಮ್ಯಾಲೇ ನಿಂತು ಹೋಗೂದೇನ್ರಿ?"

ನಾವು ಬೈಯಲಿಲ್ಲ. ಹುಡುಗರಿಗೆ ಬೈದರೆ ಮಾತು ಕಿವಿಯೊಳಗೆ ಹೋಗುವುದಿಲ್ಲ. ವ್ಯಾಪಾರದ ಮಾತೇ ಆಡಿದೆವು. "ಅರ್ಧಾ ತಾಸು ಇಲ್ಲೇ ಕೂತು ರೊಟ್ಟಿ ತಿನ್ನೂಣು. ಆ ಬಂಡಿ ಹಿಂಗ ಇದ್ರ ಆಮ್ಯಾಲ ಮಾತಾಡೂಣು." ಅವನು ಒಪ್ಪಿದ.

ಎತ್ತರದ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಕುರುಬರ ಹಿರಿಯರಿಗೂ ರೊಟ್ಟಿ, ಹಿಂಡಿ ಕೊಟ್ಟೆವು. ಮಾತು, ನಗು ನಡೆದೇ ಇತ್ತು. ಮೊಮ್ಮಗನ ಕಣ್ಣು ಮಾತ್ರ ಆ ಬಂಡೆಯ ಮೇಲೆ. ಮೊದಲು ಅದರ ಅಂಚು ತೋಯಿತು. ಆಮೇಲೆ ನೀರು ಅದರ ಮೇಲೆ ಹಾಳೆಯಂತೆ ಹರಿಯಿತು. ಅರ್ಧ ತಾಸು ಮುಗಿದು ಹತ್ತು ನಿಮಿಷವಾಗಿರಬೇಕು, ನೋಡುತ್ತೇವೆ, ಬಂಡೆಯೇ ಇಲ್ಲ. ಅದು ಇದ್ದಲ್ಲಿ ಕೆಂಪು ನೀರು ಸುತ್ತಿ ಸುತ್ತಿ ಹೋಗುತ್ತಿತ್ತು. ಬೇರು ಸಮೇತ ಒಂದು ಗಿಡ ತೇಲಿ ಬಂದು ಧುಮುಕಿ ಮತ್ತೆ ಕಾಣಲಿಲ್ಲ. ತಲೆಯ ಮೇಲೆ ಆಗಲೂ ಒಂದು ಹನಿ ಮಳೆ ಇರಲಿಲ್ಲ.

ಯಾರೂ ಏನೂ ಮಾತಾಡಲಿಲ್ಲ. ಆ ಇಬ್ಬರು ತರುಣರು ಸುಮ್ಮನೆ ಬಂದು ಹಿರಿಯರ ಕಾಲು ಮುಟ್ಟಿ ಹೋದರು.

ಕಣ್ಣಿಗೆ ಕಾಣದ ಮಳೆ

ಬಿಸಿಲಿನಲ್ಲಿ ನೀರು ಏರಿದ್ದು ಪವಾಡವೇನಲ್ಲ. ಮಾರ್ಕಂಡೇಯ ನದಿ ಹುಟ್ಟುವುದು ಬೆಳಗಾವಿಯ ಪಶ್ಚಿಮಕ್ಕೆ, ಘಟ್ಟದ ಕಡೆಯ ಬೈಲೂರಿನ ಹತ್ತಿರ. ಬೆಳಗಾವಿ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ರಾಕಸಕೊಪ್ಪ ಜಲಾಶಯ ಇದೇ ನದಿಯ ಮೇಲಿದೆ. ಮುಂದೆ ಹುಕ್ಕೇರಿ ಸೀಮೆಯ ಶಿರೂರಿನಲ್ಲಿ ಇದಕ್ಕೆ ಇನ್ನೊಂದು ಅಣೆಕಟ್ಟು. ಅದಾದ ಮೇಲೆ ಗೊಡಚಿನಮಲ್ಕಿ. ಮೇಲೆ ಘಟ್ಟದ ಸೆರಗಿನಲ್ಲಿ ರಾತ್ರಿ ಬಿದ್ದ ಮಳೆ ಇಲ್ಲಿಗೆ ಬಂದು ಮುಟ್ಟಲು ತಾಸುಗಳೇ ಬೇಕು. ಅಣೆಕಟ್ಟು ತುಂಬಿ ಬಾಗಿಲು ತೆರೆದರೂ ಅಷ್ಟೇ. ಇಲ್ಲಿಯ ಆಕಾಶ ನೋಡಿ ಇಲ್ಲಿಯ ನೀರಿನ ಅಂದಾಜು ಮಾಡಲು ಬರುವುದಿಲ್ಲ.

ನಮ್ಮ ಭೀಮೆಯ ಕಥೆಯೂ ಇದೇ ಅಲ್ಲವೇ? ಮಂಗಳವೇಢೆ, ಪಂಢರಪುರದಲ್ಲಿ ಧೂಳು ಹಾರುತ್ತಿರುತ್ತದೆ. ಪುಣೆಯ ಕಡೆ ಘಟ್ಟದಲ್ಲಿ ಮಳೆ ಹೊಡೆದು ಉಜನಿಯಿಂದ ನೀರು ಬಿಟ್ಟರೆ ಇಲ್ಲಿ ಚಂದ್ರಭಾಗೆಯ ಮೆಟ್ಟಿಲು ಮುಳುಗುತ್ತವೆ. ಇದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಆದರೆ ಪ್ರವಾಸಕ್ಕೆ ಹೋದಾಗ ಈ ತಿಳಿವಳಿಕೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತೇವೆ. ಕಾಡಿನ ಜಲಪಾತಕ್ಕೂ ಒಂದು ಉಜನಿ, ಒಂದು ಘಟ್ಟ ಇರುತ್ತದೆಂದು ಯಾರ ತಲೆಗೂ ಹೊಳೆಯುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಈಜು ಬಂದರೆ ಅಂಜಿಕೆ ಇಲ್ಲ ಎನ್ನುತ್ತಾರೆ. ಬಾವಿಯ ನೀರು ಬೇರೆ, ಧುಮುಕುವ ನೀರಿನ ಬುಡ ಬೇರೆ. ಅಲ್ಲಿ ನೀರಿನೊಂದಿಗೆ ಗಾಳಿ ಬೆರೆತು ಬರೀ ನೊರೆ ಆಗಿರುತ್ತದೆ. ಆ ನೊರೆ ಮನುಷ್ಯನ ಭಾರವನ್ನು ತಾಳುವುದಿಲ್ಲ. ಬಿದ್ದ ನೀರು ತಿರುಗಿ ಧಾರೆಯ ಕಡೆಗೇ ಎಳೆಯುತ್ತದೆ. ಒಳ್ಳೆಯ ಈಜುಗಾರನೂ ಅಲ್ಲಿ ಮೇಲೆ ಬರುವುದು ಕಷ್ಟ.

2024ರ ಜೂನ್ 30ರಂದು ಲೋಣಾವಳಾದ ಭೂಶಿ ಅಣೆಕಟ್ಟಿನ ಹತ್ತಿರ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐದು ಜನ, ಅವರಲ್ಲಿ ನಾಲ್ಕು ಮಕ್ಕಳು, ಎಲ್ಲರೂ ನೋಡುತ್ತಿರುವಂತೆಯೇ ಕೊಚ್ಚಿಹೋದರು. ನಡುನೀರಿನ ಬಂಡೆಯ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿದ್ದರು. ದಂಡೆಯ ಮೇಲಿದ್ದವರಿಗೆ ಏನೂ ಮಾಡಲಾಗಲಿಲ್ಲ. ಅದಕ್ಕೂ ಮೊದಲು 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತ ತರುಣನೊಬ್ಬ ಗೆಳೆಯ ವಿಡಿಯೋ ತೆಗೆಯುತ್ತಿರುವಾಗಲೇ ಕಾಲು ಜಾರಿ ಹೋದ. ಇವರು ಯಾರೂ ಪುಂಡರಲ್ಲ. ನಮ್ಮ ನಿಮ್ಮಂತೆ ಸಂತೋಷಕ್ಕಾಗಿ ಹೊರಟ ಮನೆಮಂದಿ.

ಮರಳುವ ದಾರಿಯಲ್ಲಿ ಗೋಕಾಕ

ಎರಡು ಗಂಟೆಗೆ ಸರಿಯಾಗಿ ಕಾಡು ಬಿಟ್ಟೆವು. ದಾರಿಯಲ್ಲಿ ಗೋಕಾಕ ಜಲಪಾತ ನೋಡಿದೆವು. ಘಟಪ್ರಭೆ ಇಲ್ಲಿ ಕುದುರೆಯ ಲಾಳದ ಆಕಾರದ ಬಂಡೆಯಿಂದ 52 ಮೀಟರ, ಅಂದರೆ ಸುಮಾರು 170 ಅಡಿ ಕೆಳಗೆ ಬೀಳುತ್ತದೆ. ದಂಡೆಯ ಮೇಲೆ ಹಳೆಯ ಕಲ್ಲಿನ ಗುಡಿಗಳು, ಪಕ್ಕದಲ್ಲಿ ನೂಲಿನ ಗಿರಣಿ. ಈ ನೀರಿನ ಬಲದಿಂದ 1887ರಲ್ಲಿಯೇ ಇಲ್ಲಿ ಗಿರಣಿಗಾಗಿ ವಿದ್ಯುತ್ತು ತಯಾರಿಸಿದರು. ನದಿಯ ಮೇಲೆ ಸುಮಾರು 200 ಮೀಟರ ಉದ್ದದ ತೂಗುಸೇತುವೆಯೂ ಇದೆ. ಅದರ ಮೇಲೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಅಲ್ಲಿಯೇ ವಿಚಾರಿಸಬೇಕು, ಮಳೆಗಾಲದಲ್ಲಿ ಹಟ ಮಾಡಬಾರದು. ಮೇಲ್ಗಡೆ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. ಅಲ್ಲಿ ಬಾಗಿಲು ತೆರೆದಾಗ ಗೋಕಾಕದ ಧಾರೆಗೆ ನಿಜವಾದ ರೂಪ ಬರುತ್ತದೆ.

ಗೋಕಾಕಕ್ಕೆ ಹೋಗಿ ಕರದಂಟು ತರದಿದ್ದರೆ ಮನೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ ಹಾಕಿ ಮಾಡಿದ ಈ ಸಿಹಿ ಬಾಣಂತಿಯರಿಗೂ ಒಳ್ಳೆಯದು. ಎರಡು ಕಿಲೋ ಕಟ್ಟಿಸಿಕೊಂಡೆವು. ಸಣ್ಣ ಮೊಮ್ಮಗಳಿಗೆ ಬಣ್ಣದ ಗೋಕಾಕ ಆಟಿಗೆ ಸಿಕ್ಕಿತು. ಅಥಣಿಯ ಹತ್ತಿರ ಬೆಳಕಿರುವಾಗಲೇ ಉಳಿದ ಬುತ್ತಿ ಮುಗಿಸಿದೆವು.

ಗಾಡಿಯಲ್ಲಿ ಆ ಮೊಮ್ಮಗಳು, "ಅಜ್ಜಾ, ಇಷ್ಟೆಲ್ಲಾ ನೀರು ನಮ್ಮೂರಿಗೆ ಯಾಕ ಬರೂದಿಲ್ರಿ?" ಎಂದು ಕೇಳಿದಳು. ಮಾರ್ಕಂಡೇಯ ಗೋಕಾಕದ ಹತ್ತಿರ ಘಟಪ್ರಭೆಗೆ ಸೇರುತ್ತದೆ, ಘಟಪ್ರಭೆ ಕೃಷ್ಣೆಗೆ ಸೇರುತ್ತದೆ, ನಮ್ಮ ಭೀಮೆಯೂ ರಾಯಚೂರಿನ ಉತ್ತರಕ್ಕೆ ಹೋಗಿ ಅದೇ ಕೃಷ್ಣೆಗೆ ಸೇರುತ್ತದೆ ಎಂದು ತಿಳಿಸಿದೆವು. ನಮ್ಮ ಊರಿಗೆ ಬರದಿದ್ದರೂ ನಮ್ಮ ಊರಿನ ನೀರನ್ನು ಭೇಟಿಯಂತೂ ಆಗುತ್ತದೆ. ಅವಳಿಗೆ ಸಮಾಧಾನವಾಯಿತೋ ಇಲ್ಲವೋ, ಮನೆಗೆ ಹೋದ ಮೇಲೆ ನಲ್ಲಿ ಬಿಟ್ಟು ಕೈ ತೊಳೆಯುವ ಅಣ್ಣನಿಗೆ ಗದರಿಸಿದ್ದನ್ನು ನಾವೇ ಕೇಳಿದೆವು.

ದೂರ ಹೋಗಲಾರದವರಿಗೆ

ವಯಸ್ಸಾದವರು, ಸಣ್ಣ ಮಕ್ಕಳಿರುವವರು ಇಷ್ಟು ದೂರ ಹೋಗುವುದು ಕಷ್ಟ. ಅಂಥವರಿಗೆ ಸೊಲ್ಲಾಪುರ, ಅಕ್ಕಲಕೋಟೆಗೆ ಹತ್ತಿರವೇ ನಳದುರ್ಗವಿದೆ. ಸೊಲ್ಲಾಪುರ-ಹೈದರಾಬಾದ ಹೆದ್ದಾರಿಯ ಮೇಲೆಯೇ ಇದೆ. ಕೋಟೆಯೊಳಗೆ ಬೋರಿ ನದಿಗೆ ಕಟ್ಟೆ ಕಟ್ಟಿ, ಆ ಕಟ್ಟೆಯ ಹೊಟ್ಟೆಯಲ್ಲಿಯೇ ಪಾಣಿ ಮಹಲ ಕಟ್ಟಿದ್ದಾರೆ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ್ದು, 1613ರ ಸುಮಾರಿನದು. ಮಳೆಗಾಲದಲ್ಲಿ ಕಟ್ಟೆ ತುಂಬಿದಾಗ ನರ ಮತ್ತು ಮಾದಿ ಎಂಬ ಎರಡು ಧಾರೆಗಳು ಕೆಳಗೆ ಧುಮುಕುತ್ತವೆ. ನೀರು ತಲೆಯ ಮೇಲಿಂದ ಹರಿಯುತ್ತಿದ್ದರೂ ಒಳಗಿನ ಕೋಣೆಗೆ ಹನಿ ಬೀಳದಂತೆ ಕಟ್ಟಿದ ಆ ಕಾಲದ ಕಾರಾಗೀರರಿಗೆ ಕೈ ಮುಗಿಯಬೇಕು. ಇದೇ ಬೋರಿ ಮುಂದೆ ಅಕ್ಕಲಕೋಟೆ ತಾಲೂಕಿಗೆ ಬರುತ್ತದೆ. ಮುಂಜಾನೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬರಬಹುದು.

ಹೊರಡುವವರಿಗೆ ನಾಲ್ಕು ಮಾತು

ಹೊರಡುವ ಹಿಂದಿನ ದಿನ ಆ ನದಿಯ ಮೇಲ್ಗಡೆ ಯಾವ ಅಣೆಕಟ್ಟು ಇದೆ, ಎಷ್ಟು ನೀರು ಬಿಡುತ್ತಿದ್ದಾರೆಂದು ಪತ್ರಿಕೆಯಲ್ಲಿ ನೋಡಬೇಕು. ಮಳೆ ಜೋರಾದಾಗ ಅರಣ್ಯ ಇಲಾಖೆಯವರು, ಪೋಲೀಸರು ಎಷ್ಟೋ ಜಲಪಾತಗಳಿಗೆ ಪ್ರವೇಶ ನಿಷೇಧಿಸುತ್ತಾರೆ. ಅದನ್ನೂ ಮೊದಲೇ ವಿಚಾರಿಸಬೇಕು. ನಿಷೇಧವಿದ್ದರೆ ಕಳ್ಳದಾರಿಯಿಂದ ಹೋಗಬಾರದು.

ಸ್ಥಳಕ್ಕೆ ಹೋದ ಕೂಡಲೇ ನೀರಿನ ಅಂಚಿನಲ್ಲಿ ಒಂದು ಕಲ್ಲನ್ನು ಗುರುತಿಗೆ ಹಿಡಿಯಬೇಕು. ಅದನ್ನು ನೋಡುತ್ತಿರುವ ಕೆಲಸ ಒಬ್ಬ ಹುಡುಗನಿಗೆ ಒಪ್ಪಿಸಬೇಕು. ನೀರಿನ ಬಣ್ಣ ಕೆಂಪಾದರೆ, ಕಸ ಕಡ್ಡಿ ತೇಲಿದರೆ, ಸಪ್ಪಳ ಬದಲಾದರೆ ಸಾಮಾನಿನ ಆಸೆ ಬಿಟ್ಟು ಮೊದಲು ಮೇಲೆ ಬರಬೇಕು. ನಡುನೀರಿನ ಬಂಡೆಯ ಮೇಲೆ ಎಂಥ ಚಿತ್ರಕ್ಕಾಗಿಯೂ ಹೋಗಬಾರದು.

ಆ ಊರಿನ ದನ ಕಾಯುವವರು, ಕುರಿ ಕಾಯುವವರು ಹೇಳಿದ ಮಾತಿಗೆ ಬೆಲೆ ಕೊಡಬೇಕು. ಅವರು ವರ್ಷವಿಡೀ ಆ ನೀರನ್ನು ನೋಡಿದವರು. ನಾವು ಮೊಬೈಲಿನಲ್ಲಿ ಒಂದು ನಿಮಿಷದ ಚಿತ್ರ ನೋಡಿದವರು.

ಕೊನೆಯದಾಗಿ, ತಂದ ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಮರಳಿ ಮನೆಗೆ ತರಬೇಕು. ಆ ನೀರು ಮುಂದೆ ಎಷ್ಟೋ ಊರುಗಳ ಕುಡಿಯುವ ನೀರಾಗುತ್ತದೆ.

ಬೆಂಕಿ ಮತ್ತು ನೀರಿನ ಜೊತೆ ಸರಸ ಬೇಡವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸರಸ ಬೇಡ, ದರ್ಶನ ಬೇಕು. ಬರದ ಸೀಮೆಯಲ್ಲಿ ಬೆಳೆದ ಮಕ್ಕಳು ವರ್ಷಕ್ಕೊಮ್ಮೆಯಾದರೂ ತುಂಬಿದ ನದಿಯನ್ನು ನೋಡಲಿ. ಹನಿಯ ಬೆಲೆಯೂ ಹೊಳೆಯ ಬಲವೂ ಎರಡೂ ತಿಳಿದರೆ ಅವರು ನೀರನ್ನು ಉಳಿಸುತ್ತಾರೆ, ತಮ್ಮನ್ನೂ ಉಳಿಸಿಕೊಳ್ಳುತ್ತಾರೆ. ಮುಂದಿನ ಮಳೆಗಾಲಕ್ಕೆ ಹೊರಡುವ ಎಲ್ಲ ಬಂಧುಗಳ ಪ್ರವಾಸ ಸುಖಕರವಾಗಲಿ, ಹೋದವರೆಲ್ಲ ನಗುನಗುತ್ತ ಮನೆಗೆ ಮರಳಲಿ.